ಫೋಟೋ ಅಸಲಿ, ವರ ನಕಲಿ

ಲಂಡನ್ನಿನ ಪಂಚತಾರಾ ಹೋಟೆಲೊಂದಕ್ಕೆ ಕಾಫಿಗೆಂದು ಕರೆದ ಯುವಕ ಅದೇ ದಿನ ಆಕೆಯನ್ನು ಖಾಸಗಿ ವಿಮಾನದಲ್ಲಿ ಬಲ್ಗೇರಿಯಾಕ್ಕೆ ಕರೆದೊಯ್ಯುತ್ತಾನೆ. ವಿಮಾನದಲ್ಲಿ ಅಂಗರಕ್ಷಕನಿದ್ದಾನೆ, ಆತನ ಬಳಗದವರಿದ್ದಾರೆ. ಆತನ ಪುಟ್ಟ ಮಗಳು ಮತ್ತು ಆ ಮಗುವಿನ ತಾಯಿಯೂ ಇದ್ದಾರೆ. ಹಳೆಯ ಸಂಗಾತಿಯೇ ಸಮಾಧಾನದಿಂದ ಜೊತೆಗೆ ಕುಳಿತಿರುವಾಗ ಇನ್ನೇನು ಸಂಶಯ ಉಳಿಯುತ್ತದೆ? ನಾರ್ವೆಯ ಸೆಸಿಲಿಯೆ ಫ್ಯೆಲ್‌ಹೊಯ್‌ಗೂ ಉಳಿಯಲಿಲ್ಲ.

ಫೆಲಿಸಿಟಿ ಮಾರಿಸ್ ನಿರ್ದೇಶಿಸಿದ 'ದ ಟಿಂಡರ್ ಸ್ವಿಂಡ್ಲರ್' ಎಂಬ ಸಾಕ್ಷ್ಯಚಿತ್ರ 2022ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ವಜ್ರೋದ್ಯಮಿ ಲೆವ್ ಲೆವಿಯೆವ್‌ರ ಮಗನೆಂದು ಹೇಳಿಕೊಂಡು ಯುರೋಪಿನ ಹಲವು ಮಹಿಳೆಯರನ್ನು ವಂಚಿಸಿದ ಇಸ್ರೇಲಿನ ಶಿಮೋನ್ ಹಾಯುತ್ ಎಂಬಾತನ ಕತೆ ಅದು. ಡೇಟಿಂಗ್ ಆ್ಯಪ್ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಈ ಚಿತ್ರದ ಹೆಸರೂ ಬರುತ್ತದೆ. "ನೋಡಿದಿರಾ, ಅದಕ್ಕೇ ಹೇಳುವುದು" ಎಂದು ಹಿರಿಯರು ಮಾತು ಮುಗಿಸುತ್ತಾರೆ. ಕಿರಿಯರು ಮೊಬೈಲ್ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಚಿತ್ರದಲ್ಲಿ ಕಲಿಯಬೇಕಾದದ್ದು ಇಬ್ಬರಿಗೂ ದಕ್ಕುವುದಿಲ್ಲ.

ಚಿತ್ರದ ನಿಜವಾದ ಬಲ ಇರುವುದು ಅದರ ಮೊದಲ ಅರ್ಧದಲ್ಲಿ. ಆ ಮಹಿಳೆಯರು ಕಣ್ಣುಮುಚ್ಚಿ ನಂಬಿದವರಲ್ಲ. ಗೂಗಲ್‌ನಲ್ಲಿ ಹೆಸರು ಹುಡುಕಿದರು, ಇನ್‌ಸ್ಟಾಗ್ರಾಂ ನೋಡಿದರು, ಖುದ್ದಾಗಿ ಭೇಟಿಯಾದರು, ಸುತ್ತಲಿನವರನ್ನು ಗಮನಿಸಿದರು. ಸುರಕ್ಷತೆಗಾಗಿ ಏನೇನು ಮಾಡಿರೆಂದು ಪತ್ರಿಕೆಗಳು ಬುದ್ಧಿ ಹೇಳುತ್ತವೆಯೋ ಅದರಲ್ಲಿ ಬಹುಪಾಲು ಅವರು ಮಾಡಿದ್ದರು. ವಂಚಕನಿಗೆ ಅದು ಮೊದಲೇ ಗೊತ್ತಿತ್ತು. ಅವರು ಎಲ್ಲೆಲ್ಲಿ ನೋಡುತ್ತಾರೋ ಅಲ್ಲೆಲ್ಲ ಆತ ಸಾಕ್ಷಿಗಳನ್ನು ನಿಲ್ಲಿಸಿಟ್ಟಿದ್ದ. ಹುಡುಗನ ಬಗ್ಗೆ ಹುಡುಗನೇ ಕರೆತಂದವರನ್ನು ವಿಚಾರಿಸಿದರೆ ಆಗುವುದು ಇಷ್ಟೇ.

ಮುಂದಿನದು ಲೆಕ್ಕಾಚಾರ. ಅಂಗರಕ್ಷಕನ ತಲೆಯಿಂದ ರಕ್ತ ಸೋರುತ್ತಿರುವ ಫೋಟೋ ಬರುತ್ತದೆ. ವೈರಿಗಳು ಬೆನ್ನು ಹತ್ತಿದ್ದಾರೆ, ನನ್ನ ಕಾರ್ಡ್ ಬಳಸಿದರೆ ಇರುವ ಜಾಗ ತಿಳಿಯುತ್ತದೆ, ನಿನ್ನ ಕಾರ್ಡ್ ಕೊಡು ಎನ್ನುತ್ತಾನೆ. ಕಾರ್ಡಿನ ಮಿತಿ ಏರಿಸಲು ಆಕೆ ತನ್ನ ಕಂಪೆನಿಯ ದೊಡ್ಡ ನೌಕರಳೆಂಬ ಸುಳ್ಳು ಸಂಬಳದ ಚೀಟಿಯನ್ನೂ ಒದಗಿಸುತ್ತಾನೆ. ಹೀಗೆ ಸೆಸಿಲಿಯೆ ತನ್ನ ಹೆಸರಿನಲ್ಲಿ ಮಾಡಿದ ಸಾಲ ಎರಡು ಲಕ್ಷ ಡಾಲರು ದಾಟಿತು. ಆ ಹಣದಲ್ಲಿ ಆತ ಸ್ವೀಡನ್ನಿನ ಪರ್ನಿಲಾ ಶೋಹೋಮ್‌ಳೊಂದಿಗೆ ಮೋಜು ಮಾಡುತ್ತಿದ್ದ. ಒಬ್ಬಳಿಂದ ಕಿತ್ತದ್ದು ಇನ್ನೊಬ್ಬಳನ್ನು ನಂಬಿಸಲು ಬಂಡವಾಳ. ನಮ್ಮಲ್ಲಿ ಮುಳುಗಿಹೋದ ಚೀಟಿ ಕಂಪೆನಿಗಳ ಆಟವೂ ಇದೇ ಅಲ್ಲವೇ?

ನಮ್ಮ ತಕರಾರಿರುವುದು ಚಿತ್ರ ಮುಟ್ಟದೆ ಬಿಟ್ಟ ಕಡೆ. ಹೆಸರಿನಲ್ಲೇ ಟಿಂಡರ್ ಇದೆ, ಆದರೆ ಟಿಂಡರ್ ಕಂಪೆನಿಯನ್ನು ಚಿತ್ರ ಗಟ್ಟಿಯಾಗಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. 2012ರಲ್ಲಿ ಆರಂಭವಾದ ಈ ಆ್ಯಪ್‌ನಲ್ಲಿ ಫೋಟೋವನ್ನು ಬಲಕ್ಕೆ ಸರಿಸಿದರೆ ಒಪ್ಪಿಗೆ, ಎಡಕ್ಕೆ ಸರಿಸಿದರೆ ನಿರಾಕರಣೆ. 2020ರಿಂದ ಫೋಟೋ ಪರಿಶೀಲನೆ ಬಂದಿದೆ. ಸೆಲ್ಫಿ ತೆಗೆದು ಕಳುಹಿಸಿದರೆ ಹೆಸರಿನ ಪಕ್ಕ ನೀಲಿ ಗುರುತು. ಆ ಗುರುತು ಹೇಳುವುದೇನು? ಫೋಟೋದಲ್ಲಿರುವ ಮುಖವೂ ಮೊಬೈಲ್ ಹಿಡಿದಿರುವ ಮುಖವೂ ಒಂದೇ ಎಂದು ಮಾತ್ರ. ಆತನಿಗೆ ಮದುವೆಯಾಗಿದೆಯೇ, ಉದ್ಯೋಗ ಇದೆಯೇ, ಜೈಲಿಗೆ ಹೋಗಿ ಬಂದವನೇ ಎಂಬುದನ್ನು ಅದು ಹೇಳುವುದಿಲ್ಲ. ಶಿಮೋನ್ ಹಾಯುತ್ ಹಾಕಿದ್ದು ತನ್ನದೇ ಫೋಟೋ. ಆ ಪರೀಕ್ಷೆಯಲ್ಲಿ ಆತ ಆರಾಮವಾಗಿ ಪಾಸಾಗುತ್ತಿದ್ದ. ಇದೇ ಬಗೆಯ ಅಪರಾಧಕ್ಕೆ ಫಿನ್ಲೆಂಡಿನಲ್ಲಿ ಅದಕ್ಕೂ ಮೊದಲೇ ಆತನಿಗೆ ಶಿಕ್ಷೆಯಾಗಿತ್ತು.

ಕಂಪೆನಿಗಳ ಆದಾಯ ಇರುವುದು ಚಂದಾ ಹಣದಲ್ಲಿ. ಟಿಂಡರ್‌ನ ಒಡೆತನ ಇರುವ ಮ್ಯಾಚ್ ಸಮೂಹದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ದಾವೆ ಹೂಡಿತು. ವಂಚಕರದ್ದೆಂದು ತಾನೇ ಶಂಕಿಸಿದ್ದ ಖಾತೆಗಳಿಂದ ಬಂದ ಸಂದೇಶಗಳನ್ನು ತೋರಿಸಿ, 'ನಿಮ್ಮನ್ನು ಯಾರೋ ಇಷ್ಟಪಟ್ಟಿದ್ದಾರೆ' ಎಂದು ಜನರನ್ನು ಚಂದಾದಾರರನ್ನಾಗಿ ಮಾಡುತ್ತಿತ್ತು ಎಂಬುದು ಮ್ಯಾಚ್ ಡಾಟ್ ಕಾಂ ಬಗೆಗಿನ ಒಂದು ಆರೋಪ. ಅಂತರ್ಜಾಲ ಕಂಪೆನಿಗಳಿಗೆ ಅಲ್ಲಿನ ಕಾನೂನು ನೀಡಿರುವ ರಕ್ಷಣೆಯ ಕಾರಣ ನ್ಯಾಯಾಲಯ ಆ ಆರೋಪವನ್ನು ಕೈಬಿಟ್ಟಿತು. ಉಳಿದ ಆರೋಪಗಳಿಗೆ ಸಂಬಂಧಿಸಿ ಕಂಪೆನಿ 2025ರಲ್ಲಿ 1.4 ಕೋಟಿ ಡಾಲರು ಕೊಡಲು ಒಪ್ಪಿತು. ಇಂಥ ಕಡೆಯಿಂದ ಕಾವಲನ್ನು ನಿರೀಕ್ಷಿಸುವುದು ಕಷ್ಟ.

ಹಾಗಾದರೆ ನಮ್ಮವರಿಗಾಗಿ ಇರುವ ಆ್ಯಪ್‌ಗಳು ವಾಸಿಯೇ? ಲಂಡನ್ನಿನ ಶಹಝಾದ್ ಯೂನಸ್ 2015ರಲ್ಲಿ ಆರಂಭಿಸಿದ 'ಮಝ್‌ಮ್ಯಾಚ್' ಇಂದು 'ಮಝ್' ಎಂಬ ಹೆಸರಿನಲ್ಲಿದೆ. ಹೆಸರು ಬದಲಾದದ್ದು 2022ರಲ್ಲಿ, ಇದೇ ಮ್ಯಾಚ್ ಸಮೂಹ ಹೂಡಿದ ಟ್ರೇಡ್‌ಮಾರ್ಕ್ ಮೊಕದ್ದಮೆಯಲ್ಲಿ ಸೋತ ಮೇಲೆ. ಅದರಲ್ಲಿ ಫೋಟೋವನ್ನು ಮಸುಕಾಗಿಸಿಡಬಹುದು. ಬಯಸಿದರೆ ವಲಿಯೊಬ್ಬರಿಗೆ ಸಂಭಾಷಣೆಯ ಪ್ರತಿ ಹೋಗುವಂತೆ ಮಾಡಬಹುದು. 2021ರಲ್ಲಿ 'ಸುಲ್ಲಿ ಡೀಲ್ಸ್', 2022ರಲ್ಲಿ 'ಬುಲ್ಲಿ ಬಾಯಿ' ಎಂಬ ಆ್ಯಪ್‌ಗಳಲ್ಲಿ ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಕದ್ದು ಹರಾಜಿಗಿಟ್ಟ ದೇಶದಲ್ಲಿ ಫೋಟೋ ಮಸುಕಾಗಿಸುವ ಸೌಲಭ್ಯ ಸಣ್ಣ ಸಂಗತಿಯಲ್ಲ. ಆದರೆ ವಲಿಯ ವಿಷಯದಲ್ಲಿ ನಮಗೆ ಅನುಮಾನವಿದೆ. ಸಂಭಾಷಣೆಯ ಪ್ರತಿ ಓದುವುದು ವಿಚಾರಣೆಯಲ್ಲ. ಹುಡುಗನ ಊರಿಗೆ ಹೋಗಿ ಜಮಾಅತಿನಲ್ಲಿ, ನೆರೆಮನೆಯಲ್ಲಿ, ದುಡಿಯುವ ಜಾಗದಲ್ಲಿ ಕೇಳಿ ಬರುವುದು ವಿಚಾರಣೆ. ಮಗಳ ಮಾತನ್ನು ಕದ್ದು ಕೇಳುವ ಅಪ್ಪ, ಅಳಿಯನಾಗುವವನ ಸಾಲವೆಷ್ಟೆಂದು ಕೇಳಲು ಸಂಕೋಚಪಡುವುದನ್ನು ನಾವು ಕಂಡಿಲ್ಲವೇ?

ನಮ್ಮ ದೇಶದಲ್ಲಿ 2016ರಲ್ಲಿ ಕೇಂದ್ರ ಸರಕಾರ ವೈವಾಹಿಕ ಜಾಲತಾಣಗಳಿಗೆ ಸಲಹಾಸೂತ್ರ ಹೊರಡಿಸಿತು. ಬಳಕೆದಾರರಿಂದ ಗುರುತಿನ ದಾಖಲೆ ಪಡೆಯಬೇಕು, ತಮ್ಮದು ಡೇಟಿಂಗ್ ತಾಣವಲ್ಲವೆಂದು ಸ್ಪಷ್ಟವಾಗಿ ಹೇಳಬೇಕು ಎಂಬುದು ಅದರಲ್ಲಿದೆ. ಮದುವೆಯೇ ಉದ್ದೇಶವಾದವರು ಆ್ಯಪ್ ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ: ಸೇರುವವನಿಂದ ಅದು ಏನು ಕೇಳುತ್ತದೆ, ದೂರು ಕೊಟ್ಟರೆ ಏನು ಮಾಡುತ್ತದೆ. ಎಷ್ಟು ಲಕ್ಷ ಜನರಿದ್ದಾರೆ ಎಂಬ ಜಾಹೀರಾತಿನಿಂದ ಏನೂ ತಿಳಿಯುವುದಿಲ್ಲ. ಸೇರಿದ ಮೇಲೆ ಆ್ಯಪ್‌ನ ಮಾತುಕತೆಯನ್ನು ಬಿಟ್ಟು ಬೇಗನೆ ವಾಟ್ಸ್ಆ್ಯಪ್‌ಗೆ ಬಾ ಎನ್ನುವವನ ಬಗ್ಗೆ ಎಚ್ಚರ ಬೇಕು. ಅಲ್ಲಿಂದಾಚೆಗೆ ನಡೆಯುವುದು ಆ್ಯಪ್‌ನ ಕಣ್ಣಿಗೆ ಬೀಳುವುದಿಲ್ಲ. ವಿಡಿಯೋ ಕರೆಗೆ ಒಪ್ಪದವನಿಂದ ದೂರವಿರುವುದು ಲೇಸು. ಒಪ್ಪಿದ ಮಾತ್ರಕ್ಕೆ ನಂಬಬೇಕೆಂದೂ ಇಲ್ಲ. ಮೊದಲ ಭೇಟಿ ಜನರಿರುವ ಜಾಗದಲ್ಲಿ, ತನ್ನದೇ ವಾಹನದಲ್ಲಿ ಅಥವಾ ಬಸ್ಸಿನಲ್ಲಿ ಹೋಗಿ, ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಆತ ತೋರಿಸದ ಒಬ್ಬ ಮನುಷ್ಯನನ್ನು ನಾವೇ ಹುಡುಕಿ ಕೇಳಬೇಕು. ಹಣ, ಸಾಲ, ಹೂಡಿಕೆ ಎಂಬ ಮಾತು ಬಂದ ದಿನ ಸಂಬಂಧ ಮುಗಿಯಿತೆಂದೇ ತಿಳಿಯಬೇಕು. 2022 ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 70,000 ಮಂದಿ ಪ್ರೇಮದ ಹೆಸರಿನ ವಂಚನೆಯ ದೂರು ಕೊಟ್ಟರು. ಕಳೆದುಕೊಂಡ ಮೊತ್ತ 130 ಕೋಟಿ ಡಾಲರು. ಇದು ದೂರು ಕೊಟ್ಟವರ ಲೆಕ್ಕ ಮಾತ್ರ.

ದೂರು ಕೊಡದವರು ಯಾಕೆ ಕೊಡಲಿಲ್ಲ? ಚಿತ್ರ ಬಂದ ಮೇಲೆ ಆ ಮಹಿಳೆಯರಿಗೆ ಸಿಕ್ಕಿದ್ದು ಸಹಾನುಭೂತಿಯೊಂದೇ ಅಲ್ಲ. ವಿಮಾನ ನೋಡಿ ಮರುಳಾದರು, ದುಡ್ಡಿನಾಸೆಗೆ ಬಿದ್ದರು ಎಂದು ಲೋಕವೇ ಹಂಗಿಸಿತು. ದುಡ್ಡು ಕೊಟ್ಟವರು ಅವರು, ದುರಾಸೆಯ ಆರೋಪವೂ ಅವರ ಮೇಲೆಯೇ!

ಈ ನಾಚಿಕೆಯನ್ನೇ ನಂಬಿ ಬದುಕಿದ ಇನ್ನೊಬ್ಬನನ್ನು ಕರಾವಳಿಯ ನಾವು ಮರೆಯುವಂತಿಲ್ಲ. ಬಂಟ್ವಾಳ ತಾಲೂಕಿನಲ್ಲಿ ಶಿಕ್ಷಕನಾಗಿದ್ದ ಮೋಹನ ಕುಮಾರ ಎಂಬಾತ 2003ರಿಂದ 2009ರವರೆಗೆ 20 ಮಹಿಳೆಯರನ್ನು ಸೈನೈಡ್ ಕೊಟ್ಟು ಕೊಂದ. ಆತನ ಕೈಯಲ್ಲಿ ಯಾವ ಆ್ಯಪ್ ಇರಲಿಲ್ಲ. ಸುಳ್ಳು ಹೆಸರು, ಹುಡುಗಿಯದ್ದೇ ಜಾತಿ, ಸರಕಾರಿ ಕೆಲಸ, 'ವರದಕ್ಷಿಣೆ ಬೇಡ' ಎಂಬ ಒಂದು ಮಾತು. ಆತನ ಪ್ರೊಫೈಲ್ ಇಷ್ಟೇ. ಮಗಳು ಯಾರೊಂದಿಗೋ ಹೋದಳೆಂದು ಎಷ್ಟೋ ಮನೆಗಳು ಮಾನಕ್ಕಂಜಿ ಬಾಯಿ ಮುಚ್ಚಿಕೊಂಡವು. ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸಿಕ್ಕ ಹೆಣಗಳು ಬೇರೆ ಬೇರೆ ಜಿಲ್ಲೆಗಳಲ್ಲಿ ಗುರುತಿಲ್ಲದ ಹೆಣಗಳಾಗಿ ಉಳಿದವು. 2009ರಲ್ಲಿ ಅವರಲ್ಲೊಬ್ಬಳು ಕಾಣೆಯಾದಾಗ ಮುಸ್ಲಿಂ ಯುವಕನೊಂದಿಗೆ ಓಡಿಹೋದಳೆಂಬ ಗುಲ್ಲೆದ್ದು ಪ್ರತಿಭಟನೆಯೂ ನಡೆದಿತ್ತು. ತನಿಖೆ ಹಿಡಿದು ತಂದದ್ದು ಮೋಹನನನ್ನು.

2023ರಲ್ಲಿ ಪ್ರೈಮ್ ವಿಡಿಯೋದಲ್ಲಿ ಬಂದ 'ದಹಾಡ್' ಸರಣಿ ಈ ಪ್ರಕರಣವನ್ನೇ ನೆನಪಿಸುತ್ತದೆ, ಕತೆ ನಡೆಯುವುದು ಮಾತ್ರ ರಾಜಸ್ಥಾನದಲ್ಲಿ. ಅದರಲ್ಲೊಂದು ಪ್ರಸಂಗವಿದೆ. ದಲಿತ ಯುವಕನೊಬ್ಬನ ತಂಗಿ ಕಾಣೆಯಾಗಿದ್ದಾಳೆ, ಪೊಲೀಸರು ಕಿವಿಗೊಡುವುದಿಲ್ಲ. ಕೊನೆಗೆ ಆತ ಮುಸ್ಲಿಂ ಹುಡುಗನೊಂದಿಗೆ ಹೋಗಿದ್ದಾಳೆಂದು ಸುಳ್ಳು ಹೇಳುತ್ತಾನೆ. ಕೂಡಲೇ ಊರು ಎದ್ದು ನಿಲ್ಲುತ್ತದೆ, ಪೊಲೀಸರೂ ಎದ್ದು ನಿಲ್ಲುತ್ತಾರೆ. ವಂಚಕನನ್ನು ಹಿಡಿಯುವ ದಾರಿಗೆ ನಮ್ಮ ಪೂರ್ವಗ್ರಹಗಳು ಹೇಗೆ ಅಡ್ಡ ಬರುತ್ತವೆಂದು ಟಿಂಡರ್ ಚಿತ್ರಕ್ಕಿಂತ ಈ ಕಾಲ್ಪನಿಕ ಸರಣಿಯೇ ಹೆಚ್ಚು ಚೆನ್ನಾಗಿ ತೋರಿಸಿದೆ. ಮಗಳ ಗೆಳೆಯ ಯಾವ ಮತದವನೆಂದು ಕೇಳುವುದರಲ್ಲೇ ಮಗ್ನರಾದವರಿಗೆ ಆತ ಯಾರೆಂದು ಕೇಳಲು ಪುರುಸೊತ್ತು ಸಿಗುವುದಿಲ್ಲ.

ಹಣ ಹೋದರೆ 1930ಕ್ಕೆ ಕರೆ ಮಾಡಬೇಕು. ತಡಮಾಡದೆ ಹೇಳಿದರೆ ಹಣ ಮುಂದೆ ಸಾಗದಂತೆ ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಇದೆ. ಆದರೆ ಆ ಕರೆ ಮಾಡುವ ಮೊದಲು ಹುಡುಗಿ ಮನೆಯಲ್ಲಿ ಬಾಯಿ ಬಿಡುವಂತಿರಬೇಕು. ಬೈಗುಳಕ್ಕೆ ಹೆದರಿ ಮೂರು ದಿನ ಅಳುತ್ತಾ ಕುಳಿತರೆ ಹಣ ಹತ್ತು ಖಾತೆ ದಾಟಿರುತ್ತದೆ.

ಸೆಸಿಲಿಯೆ ಮತ್ತು ಪರ್ನಿಲಾ ಬಾಯಿ ಬಿಟ್ಟರು. 2019ರ ಫೆಬ್ರವರಿಯಲ್ಲಿ ನಾರ್ವೆಯ 'ವಿಜಿ' ಪತ್ರಿಕೆ ಅವರ ಹೆಸರು ಮತ್ತು ಮುಖದೊಂದಿಗೆ ಇಡೀ ಕತೆಯನ್ನು ಪ್ರಕಟಿಸಿತು. ಆಗಲೂ ಆತನ ಪ್ರೇಯಸಿಯಾಗಿದ್ದ ಐಲೀನ್ ಶಾರ್ಲೆಟ್ ಅದನ್ನು ಓದಿದಳು. ತಿಳಿಯದವಳಂತೆ ಜೊತೆಗಿದ್ದು ಆತನ ದುಬಾರಿ ಬಟ್ಟೆಗಳನ್ನು ಮಾರಿ ಕೊಡುತ್ತೇನೆಂದು ಪಡೆದು, ಮಾರಿದ ಹಣವನ್ನು ತಾನೇ ಇಟ್ಟುಕೊಂಡಳು. ಆತ ಗ್ರೀಸಿಗೆ ಹೊರಟ ವಿಮಾನದ ಸುಳಿವನ್ನು ಪೊಲೀಸರಿಗೆ ಕೊಟ್ಟವಳೂ ಆಕೆಯೇ.