ಇಲಿಚ್ ಭಾಷಣವನ್ನು ಅಜ್ಜಂಪುರದಲ್ಲಿ ಓದಿದಾಗ: ಅಲ್ಪಾವಧಿ ಪ್ರೇಷಿತ ಯಾತ್ರೆಗಳ ಒಂದು ವಿಮರ್ಶೆ

1968ರ ಏಪ್ರಿಲ್ 20ರಂದು, ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ಇವಾನ್ ಇಲಿಚ್ ಒಂದು ಭಾಷಣ ಮಾಡಿದರು. 'ಸದುದ್ದೇಶಗಳು ನರಕಕ್ಕೆ ಹೋಗಲಿ' ಎಂಬರ್ಥದ ಅದರ ಶೀರ್ಷಿಕೆ ಇಂದಿಗೂ ಪ್ರೇಷಿತಶಾಸ್ತ್ರದ ತರಗತಿಗಳಲ್ಲಿ ಒಂದು ಸಣ್ಣ ನಗೆಯನ್ನು ಎಬ್ಬಿಸುತ್ತದೆ. ನಾವೂ ಪ್ರತಿ ವರ್ಷ ಅದನ್ನು ಪಾಠ ಮಾಡುತ್ತೇವೆ, ಅಭ್ಯರ್ಥಿಗಳು ಮೆಚ್ಚಿಕೊಳ್ಳುತ್ತಾರೆ, ಅನಂತರ ಅವರನ್ನೇ ಹತ್ತು ದಿನಗಳ ಮಕ್ಕಳ ಶಿಬಿರಕ್ಕೆ ಕಳುಹಿಸುತ್ತೇವೆ. ಇಲಿಚ್ ಅವರ ಕೇಳುಗರೂ ಹೀಗೆಯೇ ಇದ್ದರು. ತಮ್ಮ ಕಾರ್ಯದಲ್ಲಿ ಕಪಟವಿದೆಯೆಂದು ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಹೊರಟಿದ್ದರು. ಅದನ್ನು ಗುರುತಿಸಿಯೇ ಅವರು ಮಾತು ಆರಂಭಿಸುತ್ತಾರೆ. ಭಾಷಣದ ನಿಜವಾದ ಕಟುತ್ವವಿರುವುದು ಶೀರ್ಷಿಕೆಯಲ್ಲಿ ಅಲ್ಲ, ಈ ಆರಂಭದಲ್ಲಿ.

ಇಲಿಚ್ ಹೊರಗಿನ ಟೀಕಾಕಾರರಾಗಿರಲಿಲ್ಲ. 1951ರಲ್ಲಿ ಗುರುದೀಕ್ಷೆ ಪಡೆದು, ನ್ಯೂಯಾರ್ಕ್‌ನಲ್ಲಿ ಪೋರ್ಟೊರಿಕೋ ವಲಸಿಗರ ನಡುವೆ ಧರ್ಮಕೇಂದ್ರದ ಸೇವೆ ಮಾಡಿ, ಬಳಿಕ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಪ್ರೇಷಿತರಿಗೆ ಸ್ಪ್ಯಾನಿಷ್ ಕಲಿಸುವ ಕೇಂದ್ರವನ್ನೇ ಕಟ್ಟಿದ್ದವರು. ಅವರ ವಾದದ ತಿರುಳು ಸರಳ. ಭಾಷೆ ಬಾರದ ಊರಿಗೆ ಸಹಾಯಕ್ಕೆಂದು ಹೋದವನಿಗೆ ತಾನು ಮಾಡುತ್ತಿರುವುದು ಏನೆಂದೇ ತಿಳಿಯದು. ಆತನು ಒಯ್ಯುವುದು ಶುಭಸಂದೇಶವನ್ನಲ್ಲ, ತನ್ನ ದೇಶದ ಜೀವನಶೈಲಿಯನ್ನು. ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಬರಬೇಡಿ ಎಂದು ಅವರು ಬೇಡಿಕೊಳ್ಳುತ್ತಾರೆ. ಬಡವರ ನಡುವೆ ದುಡಿಯಲೇಬೇಕೆಂಬ ಹಟವಿದ್ದರೆ, ನಿಮ್ಮನ್ನು ನಿಮಗರ್ಥವಾಗುವ ಭಾಷೆಯಲ್ಲಿ ಬೈದು ಅಟ್ಟಬಲ್ಲ ಬಡವರ ಬಳಿಗೆ ಹೋಗಿ ಎನ್ನುತ್ತಾರೆ.

ಈ ಕೊನೆಯ ಮಾತನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ನಿಂತು ಓದಿದರೆ ಅದು ಕೇವಲ ವಿದೇಶಿಯರ ಮೇಲೆ ಬೀಳುವುದಿಲ್ಲ. 1963ರಲ್ಲಿ ಸ್ಥಾಪನೆಗೊಂಡ ಚಿಕ್ಕಮಗಳೂರು ಧರ್ಮಕ್ಷೇತ್ರವೆಂದರೆ ಹಲವರಿಗೆ ಕಾಫಿ ತೋಟ ನೆನಪಾಗುತ್ತದೆ. ಆದರೆ ಈ ತಾಲ್ಲೂಕುಗಳ ಬಹುಪಾಲು ಬಯಲು. ತೆಂಗು, ಅಡಿಕೆ, ಈರುಳ್ಳಿ, ಅಮೃತಮಹಲ್ ದನಗಳ ಕಾವಲು, ನಡುನಡುವೆ ಲಂಬಾಣಿ ತಾಂಡಾಗಳು. ಇಲ್ಲಿನ ಮಗುವಿಗೆ ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು ಮಾತು. ಕರಾವಳಿಯ ಕೊಂಕಣಿ ಮನೆಯಿಂದಲೋ ಬೆಂಗಳೂರಿನ ತಮಿಳು ಮನೆಯಿಂದಲೋ ಬಂದ ನಮ್ಮ ಅಭ್ಯರ್ಥಿಯು ತಾಂಡಾದಲ್ಲಿ ವಿದೇಶಿಯನಷ್ಟೇ ಮೂಕ. ಅವನಿಗೆ ಪಾಸ್‌ಪೋರ್ಟ್ ಬೇಕಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಗುರುಮಠದ ತರಗತಿಗಳು ತೆರೆಯುವ ಮುನ್ನ, ಜೂನ್ ತಿಂಗಳ ಆರಂಭದಲ್ಲಿ ನಾವೂ ಅಜ್ಜಂಪುರದಾಚೆಯ ಒಂದು ತಾಂಡಾಕ್ಕೆ ಹೋಗಿದ್ದೆವು. ಹತ್ತು ದಿನ ಇಂಗ್ಲಿಷ್ ಹಾಡು, ಅಭಿನಯ, ಶುಚಿತ್ವದ ಪಾಠ. ಮಕ್ಕಳಿಗೆ ನಮ್ಮ ಕನ್ನಡ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಒಂಬತ್ತು ವರ್ಷದ ಒಬ್ಬ ಹುಡುಗಿ ಲಂಬಾಣಿಗೆ ತಿರುಗಿಸುತ್ತಿದ್ದಳು. ನಿಜವಾಗಿ ಪಾಠ ಮಾಡಿದವಳು ಅವಳೇ. ತರಗತಿಯ ಶಿಕ್ಷಕಿ ತಮ್ಮ ಕೋಣೆಯನ್ನು ನಮಗೆ ಬಿಟ್ಟುಕೊಟ್ಟು ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಕೊನೆಯ ದಿನ ದಾನಿಗಳು ಕೊಟ್ಟ ಪೆನ್ಸಿಲ್ ಡಬ್ಬಿಗಳನ್ನು ಹಂಚಿದೆವು. ಆ ಹುಡುಗಿ ಕೇಳಿದಳು: "ಬ್ರದರ್, ನಾಳೆ ಯಾರು ಬರ್ತಾರೆ?" ನಾಳೆ ಬರುವವರು ಜಗಲಿಯ ಮೇಲಿದ್ದ ಅದೇ ಶಿಕ್ಷಕಿ. ಅದನ್ನು ಹೇಳಲು ನಮಗೆ ತೋಚಲಿಲ್ಲ, ಏಕೆಂದರೆ ಹತ್ತು ದಿನ ನಾವು ಅವರೊಡನೆ ಕುಳಿತು ಮಾತನಾಡಿಯೇ ಇರಲಿಲ್ಲ. ಗುರುಮಠಕ್ಕೆ ಒಪ್ಪಿಸಿದ ವರದಿಯಲ್ಲಿ ಮಕ್ಕಳ ಸಂಖ್ಯೆ, ಹಾಡುಗಳ ಸಂಖ್ಯೆ, ಡಬ್ಬಿಗಳ ಸಂಖ್ಯೆ ಇದ್ದವು. ಹುಡುಗಿಯೂ ಶಿಕ್ಷಕಿಯೂ ಇರಲಿಲ್ಲ.

ಹಾಡಿ ಕುಣಿದು ಕಲಿಸುವುದು ಹೊರಗಿನವರು ತಂದುಕೊಡಬೇಕಾದ ವಿದ್ಯೆಯೂ ಅಲ್ಲ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯನ್ನು ನಮ್ಮ ಸರ್ಕಾರಿ ಶಿಕ್ಷಕಿಯರು ಬಲ್ಲರು. ವಿದೇಶದ ತಂಡಗಳ ವಿಷಯದಲ್ಲಿ ಇನ್ನೂ ಎರಡು ಮಾತು ಸಾಕು. ಅವರ ಬೇಸಿಗೆ ರಜೆ ಜುಲೈ, ಆಗಸ್ಟ್. ನಮ್ಮ ಮಕ್ಕಳಿಗೆ ಅದು ಪಾಠದ ಕಾಲ. ಎರಡನೆಯದು, ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಬೋಧೆ ಮಾಡುವಂತಿಲ್ಲ. ಅದಕ್ಕೆ ಮಿಷನರಿ ವೀಸಾ ಎಂಬ ಬೇರೆ ವರ್ಗವಿದೆ. ಯಾರಾದರೂ ದೂರು ಕೊಟ್ಟರೆ ಅತಿಥಿಗಳು ವಿಮಾನ ಹತ್ತುತ್ತಾರೆ, ಠಾಣೆಯಲ್ಲಿ ಉತ್ತರಿಸಬೇಕಾದವರು ಧರ್ಮಕೇಂದ್ರದ ಗುರುಗಳು ಮತ್ತು ಮಕ್ಕಳನ್ನು ಕಳುಹಿಸಿದ ತಾಯಂದಿರು.

ಇಷ್ಟರ ಮಟ್ಟಿಗೆ ಇಲಿಚ್ ಸರಿ. ಆದರೆ ಅವರ ಭಾಷಣದಲ್ಲಿ ಒಂದು ಕೊರತೆಯಿದೆ, ಅದು ಸಣ್ಣದಲ್ಲ. ಧರ್ಮಗುರುವೊಬ್ಬರು ಪ್ರೇಷಿತರಿಗೆ ಮಾಡಿದ ಆ ಭಾಷಣದಲ್ಲಿ ದೈವಶಾಸ್ತ್ರದ ವಾದ ಇಲ್ಲವೆಂದೇ ಹೇಳಬಹುದು. ಆದ್ದರಿಂದ ಅದು ಅಲ್ಪಾವಧಿಯ ದೋಷವನ್ನೂ ಅಧಿಕಾರದ ದೋಷವನ್ನೂ ಬಿಡಿಸಿ ನೋಡುವುದಿಲ್ಲ. ಲೂಕನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿ ಪ್ರಭು ಎಪ್ಪತ್ತೆರಡು ಮಂದಿಯನ್ನು ಕಳುಹಿಸಿದ್ದೂ ಅಲ್ಪಾವಧಿಗೇ. ಆದರೆ ಹಣದ ಚೀಲವಿಲ್ಲದೆ, ಜೋಳಿಗೆಯಿಲ್ಲದೆ. ಬಡಿಸಿದ್ದನ್ನು ಉಣ್ಣುವ ಅತಿಥಿಗಳಾಗಿ. ಪೆನ್ಸಿಲ್ ಡಬ್ಬಿ ಅವರ ಕೈಯಲ್ಲಿರಲಿಲ್ಲ. ಸಂತ ಪೌಲನು ಥೆಸಲೋನಿಕದಲ್ಲಿ ಉಪದೇಶಿಸಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳು ಮೂರು ಸಬ್ಬತ್ ದಿನಗಳ ಲೆಕ್ಕದಲ್ಲಿ ಹೇಳುತ್ತದೆ. ಅಲ್ಲಿ ಯಾರಿಗೂ ಭಾರವಾಗದಂತೆ ಹಗಲಿರುಳು ಕೈಯಾರೆ ದುಡಿದೆನೆಂದು ಅವನೇ ಬರೆಯುತ್ತಾನೆ. ಹೊರಟ ಮೇಲೆ ಸುದ್ದಿ ತಿಳಿಯದೆ ತಳಮಳಿಸಿ ತಿಮೊಥೇಯನನ್ನು ಅಟ್ಟುತ್ತಾನೆ, ಪತ್ರ ಬರೆಯುತ್ತಾನೆ. ನಾವು ವರದಿ ಬರೆದೆವು, ಪತ್ರ ಬರೆಯಲಿಲ್ಲ.

ಮತ್ತೊಂದು ಕಡೆಯಿಂದ ನೋಡಿದರೆ, ದೀರ್ಘಾವಧಿಯೇ ಸಕಲಕ್ಕೂ ಮದ್ದೆಂದೂ ಹೇಳಲಾಗದು. 1792ರಲ್ಲಿ ಬಂದ ಅಬ್ಬೆ ದ್ಯುಬುವಾ ಈ ನಾಡಿನ ಉಡುಗೆ, ಊಟಗಳನ್ನು ತಮ್ಮದಾಗಿಸಿಕೊಂಡು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿ, ಮೂವತ್ತೊಂದು ವರ್ಷಗಳ ಬಳಿಕ ತಮ್ಮ ಪ್ರೇಷಿತ ಕಾರ್ಯ ವಿಫಲವೆಂದು ಬರೆದು ಹಿಂತಿರುಗಿದರು. ಆ ನಿರಾಶೆಯನ್ನು ಒಪ್ಪದವರೂ ಅದರ ಪ್ರಾಮಾಣಿಕತೆಯನ್ನು ಒಪ್ಪಬೇಕು. ಹತ್ತು ದಿನಗಳ ಶಿಬಿರದ ಯಾವ ವರದಿಯಲ್ಲೂ 'ವಿಫಲ' ಎಂಬ ಪದವನ್ನು ನಾವು ಈವರೆಗೆ ಕಂಡಿಲ್ಲ.

ಪ್ರೇಷಿತನು ಹೋದ ನೆಲದ ಭಾಷೆಯನ್ನು ಕಲಿತು ಅಲ್ಲಿನ ಸಂಸ್ಕೃತಿಯಲ್ಲಿ ಮುಳುಗಬೇಕೆಂದು ಎರಡನೇ ಜಾನ್ ಪೌಲ್ ಜಗದ್ಗುರುಗಳು 1990ರ 'ರೆದೆಂಪ್ತೋರಿಸ್ ಮಿಸ್ಸಿಯೋ'ದಲ್ಲಿ ವಿಧಿಸಿದ್ದಾರೆ. ನಮ್ಮ ಪಠ್ಯಕ್ರಮದಲ್ಲಿ ಗ್ರೀಕ್ ಇದೆ, ಹೀಬ್ರೂ ಇದೆ, ಲಂಬಾಣಿ ಇಲ್ಲ.

ಈ ಸಾಲಿನ ಶಿಬಿರದ ಕಡತ ಈಗ ನಮ್ಮ ಮೇಜಿನ ಮೇಲಿದೆ. ಆರು ಅಭ್ಯರ್ಥಿಗಳು, ಹತ್ತು ದಿನ, ಮೂರು ಹಳ್ಳಿ. ಮೂರರ ಬದಲು ಒಂದೇ ಹಳ್ಳಿ, ಆರರ ಬದಲು ಇಬ್ಬರು, ಮೂರು ವರ್ಷವೂ ಅದೇ ಇಬ್ಬರು ಎಂದು ತಿದ್ದಿ ಕಳುಹಿಸಿದ್ದೇವೆ. ಮೊದಲ ವರ್ಷ ಅವರು ಪಾಠ ಮಾಡುವುದಿಲ್ಲ. ಜಗಲಿಯ ಮೇಲೆ ಕುಳಿತು ಶಿಕ್ಷಕಿಯ ಪಾಠ ಕೇಳುತ್ತಾರೆ, ಸಂಜೆ ತಾಂಡಾದ ಅಜ್ಜಿಯರಿಂದ ಮಾತು ಕಲಿಯುತ್ತಾರೆ. ಇದಕ್ಕೆ ದಾನಿಗಳು ಸಿಗುವುದು ಕಷ್ಟವೆಂದು ಹಣಕಾಸು ನೋಡಿಕೊಳ್ಳುವ ಗುರುಗಳು ಅಂಚಿನಲ್ಲಿ ಬರೆದು ಕಡತವನ್ನು ಹಿಂದಿರುಗಿಸಿದ್ದಾರೆ. ಬಸ್ಸಿನ ಚಾರ್ಜಿನ ಹೊರತು ಬೇರೆ ಖರ್ಚಿಲ್ಲವೆಂದು ಅದರ ಕೆಳಗೆ ಬರೆದು ಮತ್ತೆ ಕಳುಹಿಸಿದ್ದೇವೆ.