ಹೃದಯಕ್ಕೆ ನೆಟ್ಟ ಸೂಜಿ: ಒಂದು ಔಚಿತ್ಯವಿಚಾರ

ಕ್ವೆಂಟಿನ್ ಟ್ಯಾರಂಟಿನೊ ಅವರ ‘ಪಲ್ಪ್ ಫಿಕ್ಷನ್’ (1994) ಚಿತ್ರದಲ್ಲಿ ಹೆರಾಯಿನ್ ಸೇವಿಸಿ ಮೂರ್ಛೆಹೋದವಳ ಎದೆಗೆ ಅಡ್ರಿನಲಿನ್ ತುಂಬಿದ ಸೂಜಿಯನ್ನು ಕಠಾರಿಯಂತೆ ನೆಡಲಾಗುತ್ತದೆ. ಒಡನೆಯೇ ಆಕೆ ಎದ್ದು ಕೂರುತ್ತಾಳೆ. ದೃಶ್ಯವು ಪರಿಣಾಮಕಾರಿಯೆಂಬುದು ನಿಸ್ಸಂದೇಹ. ಅದರ ಔಚಿತ್ಯ ಮಾತ್ರ ವಿಚಾರಾರ್ಹ.

ಹೆರಾಯಿನ್‌ಗೆ ಪ್ರತ್ಯೌಷಧ ನಲೋಕ್ಸೋನ್, ಅಡ್ರಿನಲಿನ್ ಅಲ್ಲ. ಹೃದಯ ನಿಂತಾಗ ವೈದ್ಯರು ಹಿಂದೆ ನೇರವಾಗಿ ಹೃದಯಕ್ಕೇ ಚುಚ್ಚುತ್ತಿದ್ದುದುಂಟು. ಆದರೆ ಎದೆಮೂಳೆಯನ್ನು ಭೇದಿಸಿ ಅಲ್ಲ, ಅದರ ಎಡ ಅಂಚಿನಲ್ಲಿ ಪಕ್ಕೆಲುಬುಗಳ ನಡುವೆ. ಕಾಣದ ಗುರಿಯತ್ತ ಸಾಗುವ ಆ ಸೂಜಿ ಶ್ವಾಸಕೋಶವನ್ನೋ ಹೃದಯದ ರಕ್ತನಾಳವನ್ನೋ ಸೀಳಬಹುದು. ಚುಚ್ಚುವಷ್ಟು ಹೊತ್ತು ಎದೆಯನ್ನು ಒತ್ತುವ ಕಾರ್ಯವೂ ನಿಲ್ಲುವುದು. ಆದಕಾರಣ ಇಂದು ಔಷಧವನ್ನು ರಕ್ತನಾಳದ ಇಲ್ಲವೆ ಮೂಳೆಯ ಮಜ್ಜೆಯ ಮೂಲಕ ಕೊಡುತ್ತಾರೆ.

ಕಲೆಗೆ ಅತಿಶಯೋಕ್ತಿ ಸಲ್ಲುವುದು. ಆದರೆ ಪ್ರಾಣರಕ್ಷಣೆಯನ್ನು ಧೀರನೊಬ್ಬನ ಒಂದೇ ಏಟಿಗೆ ಇಳಿಸುವ ಈ ಕಲ್ಪನೆ ನೋಡುಗನನ್ನು ದಾರಿತಪ್ಪಿಸುತ್ತದೆ. ಕೊಡಗಿನ ದುಬಾರೆಯಲ್ಲಿ ಪ್ರವಾಸಿಗರು ಕಾವೇರಿಗೆ ಇಳಿಯುವುದು ನಿತ್ಯದ ಸಂಗತಿ. ಅಲ್ಲಿ ಒಬ್ಬನು ಮುಳುಗಿ ಉಸಿರು ನಿಂತರೆ ದಡದಲ್ಲಿರುವವರು ಸೂಜಿಗೆ ಕಾಯುವಂತಿಲ್ಲ. 108ಕ್ಕೆ ಕರೆಮಾಡಿಸಿ, ಬಾಯಿಯಿಂದ ಉಸಿರು ತುಂಬಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿಯ ಗತಿಯಲ್ಲಿ ಒತ್ತುವುದು ಅವರ ಕರ್ತವ್ಯ. ಬೆರಗಿಲ್ಲದ ಈ ಪುನರಾವೃತ್ತ ಶ್ರಮವನ್ನು ಮರೆಸುವುದೇ ಆ ದೃಶ್ಯದ ಮುಖ್ಯ ದೋಷವೆನ್ನಬೇಕಾಗುತ್ತದೆ.