ತಂಬೂರಿಯ ಮುಂದೆ ಬ್ರ್ಯಾಂಡ್

ಹೊಸ ಹೆಡ್‌ಫೋನೋ ಸ್ಪೀಕರೋ ಕೈಗೆ ಬಂದರೆ ನಾನು ಮೊದಲು ಕಿವಿಗೊಡುವುದು ಗಾಯಕರಿಗಲ್ಲ, ಅವರ ಹಿಂದಿರುವ ತಂಬೂರಿಗೆ. ಭೀಮಸೇನ ಜೋಶಿಯವರ ಯಾವುದಾದರೊಂದು ಬಡಾ ಖ್ಯಾಲಿನ ಆರಂಭ ಸಾಕು. ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿ ಸುಮಾರು 70 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ತಂತಿ ಹಾಯುವ ಕುದುರೆಯ ಜವಾರಿಯಿಂದ ಏಳುವ ಝೇಂಕಾರ ಕೆಲವು ಸಾವಿರ ಹರ್ಟ್ಸ್‌ವರೆಗೂ ಹಬ್ಬುತ್ತದೆ. ಒಂದೇ ವಾದ್ಯದಲ್ಲಿ ಇಷ್ಟು ವಿಸ್ತಾರವಾದ ಪರೀಕ್ಷೆ ಬೇರೆಲ್ಲಿ ಸಿಕ್ಕೀತು?

ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಿಂದ ಆ 70 ಹರ್ಟ್ಸ್ ಬಹುಮಟ್ಟಿಗೆ ಹೊರಡುವುದೇ ಇಲ್ಲ. ಆದರೂ ಖರ್ಜ ಕೇಳಿಸಿದಂತೆ ಅನ್ನಿಸುತ್ತದೆ. ಏಕೆಂದರೆ ಮೇಲಿನ ಸ್ವರಾಂಶಗಳ ಜಾಡು ಹಿಡಿದು ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಸ್ವರ ಯಾವುದೆಂದು ಗೊತ್ತಾಗುತ್ತದೆ, ಅದರ ತೂಕ ಮಾತ್ರ ದಕ್ಕುವುದಿಲ್ಲ. ತಬಲಾ ಜೋಡಿಯ ಡಗ್ಗಾದ ಮೀಂಡಿಗೂ ಇದೇ ಗತಿ. ಇಲ್ಲಿ ದುಡ್ಡು ನಿಜವಾಗಿಯೂ ಕೆಲಸ ಮಾಡುತ್ತದೆ. ಕೆಳಗಿನ ನಾದಕ್ಕೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಅದಕ್ಕೆ ದೊಡ್ಡ ಕೋನ್ ಬೇಕು, ಅದುರದ ಗಟ್ಟಿ ಪೆಟ್ಟಿಗೆ ಬೇಕು. ಮರ, ಅಯಸ್ಕಾಂತ, ತಾಮ್ರ ಯಾವುದೂ ಪುಕ್ಕಟೆ ಬರುವುದಿಲ್ಲ. ಒಳ್ಳೆಯ ಸ್ಪೀಕರಿಗೆ ಒಂದು ಹಂತದವರೆಗೆ ಹೆಚ್ಚು ಬೆಲೆ ಕೊಡುವುದು ನ್ಯಾಯ ಎಂದೇ ನನ್ನ ನಂಬಿಕೆ.

ಹೆಡ್‌ಫೋನಿನ ವಿಷಯ ಬೇರೆ. ಅದು ಕಿವಿಗೆ ಅಂಟಿಕೊಂಡೇ ಇರುವುದರಿಂದ ತಳ್ಳಬೇಕಾದ ಗಾಳಿ ಬಹಳ ಕಡಿಮೆ. ಚಿಕ್ಕ, ಅಗ್ಗದ ಡ್ರೈವರ್ ಕೂಡ ಖರ್ಜವನ್ನು ಸಲೀಸಾಗಿ ಮುಟ್ಟಬಲ್ಲದು. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 283 ಹೆಡ್‌ಫೋನುಗಳ ಅಳತೆಗಳಿದ್ದವು. ಯಾವ ಸ್ಥಾಯಿಯನ್ನು ಎಷ್ಟು ಎತ್ತಿ, ಎಷ್ಟು ತಗ್ಗಿಸಿ ಕೇಳಿಸುತ್ತದೆ ಎಂಬುದಕ್ಕೂ ಮಾರಾಟದ ಬೆಲೆಗೂ ಅಲ್ಲಿ ಸಂಬಂಧವೇ ಕಾಣಲಿಲ್ಲ. ಎರಡು ಸಾವಿರ ರೂಪಾಯಿಯ ತಂತಿ ಇಯರ್‌ಫೋನಿನಲ್ಲಿ ತಂಬೂರಿ ಸ್ವಚ್ಛವಾಗಿ ಕೇಳಿಸಿದಾಗ ನನಗೆ ಈಗ ಆಶ್ಚರ್ಯವಾಗುವುದಿಲ್ಲ.

ಹಾಗಿದ್ದರೆ ದುಬಾರಿಯದು ಚೆನ್ನಾಗಿ ಕೇಳಿಸುವುದೇಕೆ? ಕಣ್ಣು ತೆರೆದಿರುವುದರಿಂದ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು 1994ರಲ್ಲಿ ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ನೌಕರರಿಗೇ ನಾಲ್ಕು ಸ್ಪೀಕರುಗಳನ್ನು ಕೇಳಿಸಿದರು, ಪರದೆಯ ಹಿಂದಿಟ್ಟು ಒಮ್ಮೆ, ಎದುರಿಗಿಟ್ಟು ಒಮ್ಮೆ. ಪರದೆ ಇದ್ದಾಗ ಒಳ್ಳೆಯ ಅಂಕ ಪಡೆದಿದ್ದ ಚಿಕ್ಕ, ಅಗ್ಗದ ಸೆಟ್ಟು ಕಣ್ಣಿಗೆ ಬಿದ್ದೊಡನೆ ಕೆಳಗಿಳಿಯಿತು. ಅಂಗಡಿಯಲ್ಲಿ ಇನ್ನೊಂದು ತೊಡಕೂ ಇದೆ. ಎರಡರಲ್ಲಿ ಯಾವುದರ ಸದ್ದು ಕೂದಲೆಳೆಯಷ್ಟು ಜೋರಾಗಿದೆಯೋ ಅದೇ ಮೇಲೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಹೆಡ್‌ಫೋನಿಗೆ ಹೆಚ್ಚು ಕೊಡಲೇಬಾರದು ಎಂದಲ್ಲ; ಏತಕ್ಕಾಗಿ ಕೊಡುತ್ತಿದ್ದೇವೆ ಎಂಬುದು ಮುಖ್ಯ. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕುಳಿತು ಎಂಜಿನ್ ಮೊರೆತವನ್ನು ಅದರದೇ ತಿರುವುಮುರುವು ಅಲೆಯಿಂದ ಅಳಿಸುವ ಲೆಕ್ಕ ಹಾಕಿದರು. ಪೈಲಟ್‌ಗಳ ಕಿವಿಗೆ ಅದು ಬಂದದ್ದು 1989ರಲ್ಲಿ. ಆ ನಿಶ್ಶಬ್ದಕ್ಕೆ ಬೆಲೆಯಿದೆ. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ–ಬೆಂಗಳೂರು ಮಧ್ಯೆ ಓಡಾಡುವವರು ನಾಯ್ಸ್ ಕ್ಯಾನ್ಸಲಿಂಗ್‌ಗೆ ಹಣ ಹಾಕಿದರೆ ನಾನು ಬೇಡವೆನ್ನುವುದಿಲ್ಲ. ಎಂಜಿನ್ನಿನ ಒಂದೇ ಸಮನೆಯ ಗುಡುಗುಡು ಕರಗಿದಾಗ ವಾಲ್ಯೂಮ್ ಏರಿಸುವುದು ತಪ್ಪಿ ಕಿವಿಯೂ ಉಳಿಯುತ್ತದೆ. ಹಾರ್ನು ಮಾತ್ರ ಒಳಗೆ ನುಗ್ಗಿಯೇ ನುಗ್ಗುತ್ತದೆ.

ಮನೆಯಲ್ಲಿ ಕುಳಿತು ಕೇಳುವವರಿಗೆ ನನ್ನ ಆಯ್ಕೆ ಸೆನ್‌ಹೈಸರ್ ಎಚ್‌ಡಿ 600. ಅದು 1997ರಿಂದ ಮಾರುಕಟ್ಟೆಯಲ್ಲಿದೆ. ಮೆತ್ತೆ ಸವೆದರೆ ಮೆತ್ತೆ, ಕೇಬಲ್ ಹಾಳಾದರೆ ಕೇಬಲ್ ತಂದು ನಾವೇ ಹಾಕಿಕೊಳ್ಳಬಹುದು. ಮೂವತ್ತು ಸಾವಿರ ಕೊಟ್ಟು ತಂದ ವೈರ್‌ಲೆಸ್ ಹೆಡ್‌ಫೋನು ಒಳಗಿನ ಬ್ಯಾಟರಿ ಸೋತ ದಿನ ಮೂಲೆ ಸೇರುತ್ತದೆ. ಈ ಲೆಕ್ಕವನ್ನು ಕೊಳ್ಳುವಾಗ ಯಾರೂ ಹಾಕುವುದಿಲ್ಲ ಎಂಬುದೇ ನನ್ನ ಬೇಸರ.

ಸ್ಪೀಕರ್ ಕೊಳ್ಳುವವರು ಮೊದಲು ಕೋಣೆಯನ್ನು ನೋಡಿ. ನಮ್ಮ ಮನೆಗಳೆಂದರೆ ಟೈಲ್ಸ್ ನೆಲ, ಬರಿಗೋಡೆ, ಗಾಜಿನ ಕಿಟಕಿ. ಅಲ್ಲಿ ತಾನ್‌ಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಸ್ಪೀಕರನ್ನು ಮೂಲೆಯಿಂದ ಈಚೆಗೆ ತನ್ನಿ, ನೆಲಕ್ಕೊಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ. ಆಮೇಲೂ ಹೊಸದು ಬೇಕೆನ್ನಿಸಿದರೆ ನಿಮಗೆ ಬಾಯಿಪಾಠವಾಗಿರುವ ಹಾಡಿಕೆಯನ್ನೇ ಅಂಗಡಿಗೆ ಒಯ್ಯಿರಿ. ಎರಡರ ಸದ್ದನ್ನೂ ಸಮ ಮಾಡಿಸಿ, ಕಣ್ಣು ಮುಚ್ಚಿ, ಬದಲಾಯಿಸುವ ಕೆಲಸ ಬೇರೆಯವರಿಗೆ ಬಿಡಿ. ಯಾವುದು ಯಾವುದೆಂದು ಗುರುತು ಸಿಗದಿದ್ದರೆ ಕಡಿಮೆ ಬೆಲೆಯದನ್ನೇ ಕೊಳ್ಳಿ.